1500ಆರ್: ಕರ್ವ್ಡ್ ಮಾನಿಟರ್ ಡಬ್ಬಿ ಮೇಲಿನ ಆ ನಂಬರ್ ಏನು ಹೇಳುತ್ತದೆ?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಕಡೆ ಹೋಗಿ ಕಡಿಮೆ ಬಜೆಟ್ಟಿನ ಕರ್ವ್ಡ್ ಗೇಮಿಂಗ್ ಮಾನಿಟರ್ ಕೇಳಿ. ಡಬ್ಬಿ ಮೇಲೆ ಇಂಚು, ಹರ್ಟ್ಸ್ (ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ ಅನ್ನುವ ಲೆಕ್ಕ) ಜೊತೆಗೆ ಇನ್ನೊಂದು ನಂಬರ್ ಇರುತ್ತದೆ: 1500ಆರ್, 1800ಆರ್, ಕೆಲವದರ ಮೇಲೆ 1000ಆರ್. ಇದೇನು ಅಂತ ಕೇಳಿದರೆ "ಅದು ಬಾಗು ರೀ ಸರ, ನಂಬರ್ ದೊಡ್ಡದಿದ್ದಷ್ಟು ಚಲೋ" ಅನ್ನುವ ಉತ್ತರವೂ ಸಿಗಬಹುದು. ಬಾಗು ಅನ್ನುವುದು ನಿಜ. ಉಳಿದದ್ದು ಉಲ್ಟಾ.

ಆರ್ ಅಂದರೆ ರೇಡಿಯಸ್. ಶಾಲೆಯಲ್ಲಿ ತ್ರಿಜ್ಯ ಅಂತ ಓದಿದ್ದೆವಲ್ಲ, ಅದೇ. ಮುಂದಿರುವ ಅಂಕಿ ಮಿಲಿಮೀಟರ್ ಲೆಕ್ಕದ್ದು. ಅಂಗಳದಲ್ಲಿ ಒಂದು ಮೊಳೆ ನೆಟ್ಟು, ಅದಕ್ಕೆ ಒಂದೂವರೆ ಮೀಟರ್ ದಾರ ಕಟ್ಟಿ, ದಾರದ ತುದಿಗೆ ಸುಣ್ಣದ ತುಂಡು ಹಿಡಿದು ಸುತ್ತು ಹಾಕಿ. ಆ ದೊಡ್ಡ ವೃತ್ತದ ಅಂಚಿನಿಂದ ಸ್ಕ್ರೀನಿನ ಅಗಲದಷ್ಟು ತುಂಡು ಕತ್ತರಿಸಿದರೆ ಅದೇ 1500ಆರ್ ಬಾಗು. ದಾರವನ್ನು 1 ಮೀಟರಿಗೆ ಇಳಿಸಿದರೆ ವೃತ್ತ ಚಿಕ್ಕದಾಗುತ್ತದೆ, ಅಂಚು ಬೇಗ ಬೇಗ ತಿರುಗುತ್ತದೆ. ಅದು 1000ಆರ್. ಅಂದರೆ ನಂಬರ್ ಸಣ್ಣದಾದಷ್ಟೂ ಬಾಗು ಜಾಸ್ತಿ. 3000ಆರ್ ಅಂದರೆ ಹೆಚ್ಚುಕಡಿಮೆ ಚಪ್ಪಟೆಯೇ. 2020ರಲ್ಲಿ ಸ್ಯಾಮ್‌ಸಂಗ್ ಕಂಪನಿ ಒಡಿಸ್ಸಿ ಜಿ7, ಜಿ9 ಮಾನಿಟರ್‌ಗಳನ್ನು 1000ಆರ್ ಬಾಗಿನೊಂದಿಗೆ ತಂದಿತು. ನಮ್ಮ ಬಜೆಟ್ಟಿನಲ್ಲಿ ಸಿಗುವುದು ಬಹುಪಾಲು 1500 ಇಲ್ಲವೇ 1800.

ಇದನ್ನು ಅಂಗಡಿಯಲ್ಲೇ ಕಣ್ಣಾರೆ ನೋಡಬಹುದು. ಸ್ಕ್ರೀನಿನ ಎಡ ಅಂಚಿನಿಂದ ಬಲ ಅಂಚಿಗೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ನಡುವೆ ದಾರಕ್ಕೂ ಸ್ಕ್ರೀನಿಗೂ ಎಷ್ಟು ಜಾಗ ಉಳಿಯಿತು ಅಂತ ಸ್ಕೇಲಿನಲ್ಲಿ ಅಳೆಯಿರಿ. 27 ಇಂಚಿನ ಮಾನಿಟರ್ ಸುಮಾರು 60 ಸೆಂಟಿಮೀಟರ್ ಅಗಲ ಇರುತ್ತದೆ. ಅದು 1500ಆರ್ ಆಗಿದ್ದರೆ ಆ ಜಾಗ ಸುಮಾರು 3 ಸೆಂಟಿಮೀಟರ್. 1800ಆರ್ ಆದರೆ ಎರಡೂವರೆ. 1000ಆರ್ ಆದರೆ ನಾಲ್ಕೂವರೆ. ಲೆಕ್ಕ ಸುಲಭ: ಅಗಲವನ್ನು ಅಗಲದಿಂದಲೇ ಗುಣಿಸಿ, ಬಂದದ್ದನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಪೂರ್ತಿ ಕರಾರುವಾಕ್ಕು ಅಲ್ಲ, ಆದರೆ ಇಷ್ಟು ಸಣ್ಣ ಬಾಗಿಗೆ ಸಾಕು.

ಈಗ 1500ಕ್ಕೂ 1800ಕ್ಕೂ ಇರುವ ಫರಕು ನೋಡಿ. 27 ಇಂಚಿನಲ್ಲಿ ಅರ್ಧ ಸೆಂಟಿಮೀಟರ್! ಅದೊಂದಕ್ಕೇ ಎರಡು ಸಾವಿರ ಜಾಸ್ತಿ ಕೊಡಬೇಡಿ. ಇನ್ನು 24 ಇಂಚಿನಲ್ಲಿ 1800ಆರ್ ಅಂದರೆ ನಡುವಿನ ಜಾಗ 2 ಸೆಂಟಿಮೀಟರೂ ಆಗುವುದಿಲ್ಲ. 24 ಇಂಚಿನ ಕರ್ವ್ಡ್ ಮಾನಿಟರ್ ನೋಡಲು ಚೆಂದ, ಆದರೆ ಆಟಕ್ಕೆ ಅದರಿಂದ ದೊಡ್ಡ ಲಾಭವಿಲ್ಲ. ಆ ಅಳತೆಯಲ್ಲಿ ಅದೇ ದುಡ್ಡಿಗೆ ಒಳ್ಳೆಯ ಚಪ್ಪಟೆ ಐಪಿಎಸ್ (ಓರೆಯಾಗಿ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಜಾತಿ) ಮಾನಿಟರ್ ಸಿಕ್ಕರೆ ಅದನ್ನೇ ತಗೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬಾಗು ನಿಜಕ್ಕೂ ಕೆಲಸ ಮಾಡುವುದು ಸ್ಕ್ರೀನ್ ಅಗಲವಾದಾಗ. 34 ಇಂಚಿನ ಅಲ್ಟ್ರಾವೈಡ್ (ಮಾಮೂಲಿಗಿಂತ ಉದ್ದನೆಯ ಸ್ಕ್ರೀನ್) ಸುಮಾರು 80 ಸೆಂಟಿಮೀಟರ್ ಅಗಲ. ಅಲ್ಲಿ 1500ಆರ್ ಬಾಗಿಗೆ ಅಂಚುಗಳು 5 ಸೆಂಟಿಮೀಟರಿಗೂ ಹೆಚ್ಚು ನಮ್ಮ ಕಡೆ ಬರುತ್ತವೆ.

ಅಂಚು ಮುಂದೆ ಬಂದರೆ ಏನು ಲಾಭ? ಎರಡು ಅಡಿ ದೂರದಲ್ಲಿ ಕೂತು 27 ಇಂಚಿನ ಚಪ್ಪಟೆ ಸ್ಕ್ರೀನ್ ನೋಡುತ್ತಿದ್ದೀರಿ ಅಂದುಕೊಳ್ಳಿ. ನಡುಭಾಗ ಕಣ್ಣಿಂದ 60 ಸೆಂಟಿಮೀಟರ್ ದೂರ, ಅಂಚು 67. ಅಷ್ಟೇ ಅಲ್ಲ, ಅಂಚಿನ ಮೇಲೆ ನಮ್ಮ ದೃಷ್ಟಿ ನೇರವಾಗಿ ಬೀಳುವುದಿಲ್ಲ, ಸುಮಾರು 27 ಡಿಗ್ರಿ ಓರೆಯಾಗಿ ಬೀಳುತ್ತದೆ. 1500ಆರ್ ಬಾಗು ಇದ್ದರೆ ಅಂಚು ನಮ್ಮ ಕಡೆ ಮುಖ ತಿರುಗಿಸುತ್ತದೆ, ಆ ಓರೆ 16 ಡಿಗ್ರಿಗೆ ಇಳಿಯುತ್ತದೆ. ಜಾಹೀರಾತುಗಳು "ಆಟದೊಳಗೇ ಇದ್ದಂತೆ" ಅನ್ನುತ್ತವೆ. ನನ್ನ ಪ್ರಕಾರ ಬಾಗಿನ ಅಸಲಿ ಲಾಭ ಇದೇ: ಓರೆ ಕಡಿಮೆಯಾಗುವುದು.

ಯಾಕೆ ಅಂದರೆ, ಕಡಿಮೆ ಬೆಲೆಯ ಕರ್ವ್ಡ್ ಮಾನಿಟರ್‌ಗಳಲ್ಲಿ ಬಹುತೇಕ ಎಲ್ಲದರೊಳಗೂ ಇರುವುದು ವಿಎ ಅನ್ನುವ ಜಾತಿಯ ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಹಾಳೆ. ಓರೆಯಾಗಿ ನೋಡಿದರೆ ವಿಎ ಪ್ಯಾನೆಲ್ಲಿನ ಬಣ್ಣ ಮಸುಕಾಗುತ್ತದೆ. ಬಾಗು ಆ ದೋಷವನ್ನು ಸ್ವಲ್ಪ ಮುಚ್ಚುತ್ತದೆ. ಐಪಿಎಸ್ ಪ್ಯಾನೆಲ್ಲಿಗೆ ಓರೆಯ ತೊಂದರೆ ಕಡಿಮೆ. ಆದರೆ ಅದನ್ನು ಬಾಗಿಸಿದರೆ ಅಂಚಿನಲ್ಲಿ ಬೆಳಕು ಸೋರುವ ಕಾಟ ಹೆಚ್ಚು. ಹಾಗಾಗಿ ಅಗ್ಗದಲ್ಲಿ ಬಾಗು ಬೇಕು ಅಂದರೆ ವಿಎ ಬೇಕು ಅಂದಂತೆಯೇ. ಇದನ್ನು ಗೊತ್ತಿದ್ದೇ ಒಪ್ಪಿಕೊಳ್ಳಬೇಕು.

ವಿಎ ಕೆಟ್ಟದ್ದೇನಲ್ಲ. ಅದರ ಕಪ್ಪು ನಿಜವಾಗಿ ಕಪ್ಪು. ಸಾಮಾನ್ಯ ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವುದು) 1000ಕ್ಕೆ 1ರ ಆಸುಪಾಸು ಇದ್ದರೆ ವಿಎದು 3000ಕ್ಕೆ 1ರ ಹತ್ತಿರ ಇರುತ್ತದೆ. ರಾತ್ರಿ ಲೈಟ್ ಆರಿಸಿ ಕೂತಾಗ ಇದು ಎದ್ದು ಕಾಣುತ್ತದೆ. ಸಮಸ್ಯೆ ಇರುವುದು ವೇಗದಲ್ಲಿ. ಕಪ್ಪಿನಿಂದ ಬೂದು ಬಣ್ಣಕ್ಕೆ ಹೋಗಲು ಅಗ್ಗದ ವಿಎ ಪಿಕ್ಸೆಲ್‌ಗಳು (ಚಿತ್ರದ ಚುಕ್ಕೆಗಳು) ತಡ ಮಾಡುತ್ತವೆ. ಕತ್ತಲ ಜಾಗದಲ್ಲಿ ಪಾತ್ರ ಓಡುತ್ತಿದ್ದರೆ ಹಿಂದೆ ಮಸಿ ಬಳಿದಂತೆ ಒಂದು ಗೆರೆ ಉಳಿಯುತ್ತದೆ. ಡಬ್ಬಿ ಮೇಲಿನ "1 ಎಂಎಸ್" (ಮಿಲಿಸೆಕೆಂಡ್) ನೋಡಿ ಇದರ ಅಂದಾಜು ಸಿಗುವುದಿಲ್ಲ. ಅದರ ಪಕ್ಕ ಎಂಪಿಆರ್‌ಟಿ ಅಂತ ಇದ್ದರೆ ಅದು ಪಿಕ್ಸೆಲ್ ಬದಲಾಗುವ ವೇಗ ಅಲ್ಲ. ಹಿಂದಿನ ದೀಪವನ್ನು ಪಟಪಟ ಆರಿಸಿ ಹಚ್ಚಿ ಮಸುಕು ಕಡಿಮೆ ಮಾಡಿದಾಗ ಬರುವ ಅಂಕಿ ಅದು. ಆ ಮೋಡ್ ಹಾಕಿದರೆ ಬೆಳಕೂ ಇಳಿಯುತ್ತದೆ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಕಷ್ಟವೇನಲ್ಲ. "ಅಣ್ಣಾರ, ಒಂದ್ ಸಲ ಹಚ್ಚಿ ತೋರಸ್ರಿ" ಅನ್ನಿ. ಡಿಸ್‌ಪ್ಲೇಗೆ ಇಟ್ಟ ಪೀಸ್ ಇದ್ದರೆ ಇಲ್ಲ ಅನ್ನಲಿಕ್ಕಿಲ್ಲ. ಕಪ್ಪು ಹಿನ್ನೆಲೆ ಮೇಲೆ ಬೂದು ಅಕ್ಷರ ಇರುವ ಯಾವುದಾದರೂ ಪುಟ ತೆರೆದು ಜೋರಾಗಿ ಮೇಲೆ ಕೆಳಗೆ ಸ್ಕ್ರಾಲ್ ಮಾಡಿ. ಅಕ್ಷರಗಳ ಹಿಂದೆ ನೇರಳೆ ಬಣ್ಣದ ಬಾಲ ಉದ್ದವಾಗಿ ಕಂಡರೆ ಬಿಟ್ಟುಬಿಡಿ. ಕೌಂಟರ್ ಸ್ಟ್ರೈಕ್, ವ್ಯಾಲರೆಂಟ್ ತರಹದ ಶೂಟಿಂಗ್ ಆಟ ದಿನವೂ ಆಡುವವರಿಗೆ ಆ ಬಾಲ ನಿಜಕ್ಕೂ ತೊಂದರೆ ಕೊಡುತ್ತದೆ. ಕಾರ್ ರೇಸ್, ಕಥೆ ಇರುವ ಆಟ, ಸಿನಿಮಾ ಅಂದರೆ ಅಷ್ಟು ಕಾಡುವುದಿಲ್ಲ.

ರೂಮಿನ ವಿಚಾರ ಯಾರೂ ಹೇಳುವುದಿಲ್ಲ, ಅದು ಹೇಳಲೇಬೇಕಾದ್ದು. ಧಾರವಾಡದ ಸಪ್ತಾಪುರದ ಕಡೆ ರೂಮು ಮಾಡಿಕೊಂಡು ಓದುವ ಹುಡುಗರ ಟೇಬಲ್ ಹೇಗಿರುತ್ತದೆ? ಗೋಡೆಗೆ ತಾಗಿಕೊಂಡು, ಆಳ ಎರಡು ಅಡಿ ಇದ್ದರೆ ಹೆಚ್ಚು. ಕರ್ವ್ಡ್ ಮಾನಿಟರ್‌ಗಳ ಸ್ಟ್ಯಾಂಡ್ ಎಷ್ಟೋ ಸಲ ಎರಡು ಕಾಲು ಚಾಚಿಕೊಂಡ ನಮೂನೆಯದು. ಅದು ಟೇಬಲ್ಲಿನ ಮುಂದಿನ ಜಾಗ ತಿನ್ನುತ್ತದೆ, ಸ್ಕ್ರೀನ್ ಮೂಗಿನ ಹತ್ತಿರ ಬರುತ್ತದೆ, ಕೀಬೋರ್ಡಿಗೆ ಜಾಗ ಉಳಿಯುವುದಿಲ್ಲ. ಮೊದಲು ಟೇಬಲ್ ಅಳೆದುಕೊಂಡು ಹೋಗಿ. ಹಿಂಬದಿಯಲ್ಲಿ ನಾಲ್ಕು ವೆಸಾ ತೂತು (ಸ್ಕ್ರೂ ಹಾಕುವ ತೂತು) ಇವೆಯಾ ನೋಡಿ, ಇದ್ದರೆ ಮುಂದೆ ಬೇಕಾದಾಗ ಸ್ಟ್ಯಾಂಡ್ ತೆಗೆದು ಆರ್ಮ್ ಹಾಕಬಹುದು. ಬೆನ್ನ ಹಿಂದೆ ಕಿಟಕಿ ಇದ್ದರೂ ಯೋಚಿಸಿ. ಬಾಗಿದ ಸ್ಕ್ರೀನಿನ ಮೇಲೆ ಕಿಟಕಿಯ ಬೆಳಕು, ಟ್ಯೂಬ್‌ಲೈಟ್ ಎಳೆದಂತೆ ಅಗಲವಾಗಿ ಹರಡಿ ಕಾಣುತ್ತವೆ. ಮತ್ತೆ, ನಾಲ್ಕು ಜನ ಸೇರಿ ಮ್ಯಾಚ್ ನೋಡುವ ರೂಮಿಗೂ ಬಾಗು ಅಷ್ಟು ಸರಿಹೊಂದುವುದಿಲ್ಲ. ನಟ್ಟನಡುವೆ ಕೂತವನಿಗೆ ಮಾತ್ರ ಅದರ ಸುಖ. ಇಂಜಿನಿಯರಿಂಗ್ ಓದುತ್ತಾ ಆಟೋಕ್ಯಾಡ್‌ನಲ್ಲಿ ಡ್ರಾಯಿಂಗ್ ಮಾಡುವವರು ನೇರ ಗೆರೆ ಬಾಗಿದಂತೆ ಕಂಡರೆ ಸಹಿಸಿಕೊಳ್ಳಬಹುದಾ ಅಂತ ಮೊದಲೇ ಕೂತು ನೋಡಿ.

ರೆಸಲ್ಯೂಷನ್, ಅಂದರೆ ಸ್ಕ್ರೀನಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಅನ್ನುವುದರ ಬಗ್ಗೆ ಎರಡೇ ಮಾತು. 1080ಪಿ, 1440ಪಿ ಅಂದರೆ ಮೇಲಿಂದ ಕೆಳಗೆ ಅಷ್ಟು ಸಾಲು ಪಿಕ್ಸೆಲ್. 27 ಇಂಚಿನಲ್ಲಿ 1080ಪಿ ಅಂದರೆ ಇಂಚಿಗೆ 82ರಷ್ಟು ಪಿಕ್ಸೆಲ್, ಅಕ್ಷರ ಸ್ವಲ್ಪ ಒರಟು. 1440ಪಿ ಆದರೆ 109, ಕಣ್ಣಿಗೆ ಹಿತ. ಆದರೆ ಗ್ರಾಫಿಕ್ಸ್ ಕಾರ್ಡಿಗೆ ಅದನ್ನು ಎಳೆಯುವ ತಾಕತ್ತು ಇರಬೇಕು. ಹಳೆಯ ಕಾರ್ಡ್ ಇದ್ದರೆ 1080ಪಿಯೇ ಸರಿ. 32 ಇಂಚಿಗೆ ಮಾತ್ರ 1080ಪಿ ತಗೊಳ್ಳಲೇಬೇಡಿ.

ಹಾಗಾದರೆ ನನ್ನ ಲೆಕ್ಕದಲ್ಲಿ ಆರ್ ನಂಬರಿಗೆ ಕೊನೆಯ ಜಾಗ. ಮೊದಲು ಅಗಲ ಮತ್ತು ಟೇಬಲ್, ಆಮೇಲೆ ಆ ಮಸಿ ಬಾಲದ ಪರೀಕ್ಷೆ, ಆಮೇಲೆ ರೆಸಲ್ಯೂಷನ್. ಇವೆಲ್ಲ ಸರಿ ಇದ್ದ ಎರಡು ಮಾನಿಟರ್ ಮುಂದಿದ್ದರೆ ಮಾತ್ರ 1500ಆರ್ ಇರುವುದನ್ನು ಎತ್ತಿಕೊಳ್ಳಿ.

ತಂದು ಹಚ್ಚಿದ ಮೇಲೆ ಒಂದು ಕೆಲಸ ಇದೆ. 144, 165 ಹರ್ಟ್ಸ್ ಮಾನಿಟರ್ ತಂದರೂ ವಿಂಡೋಸ್ ಎಷ್ಟೋ ಸಲ 60ರಲ್ಲೇ ಕೂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿಂದ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ನೀವೇ ಬದಲಿಸಬೇಕು. ಪಟ್ಟಿಯಲ್ಲಿ ಪೂರ್ತಿ ಅಂಕಿ ಕಾಣದಿದ್ದರೆ ಎಚ್‌ಡಿಎಂಐ ಬಿಚ್ಚಿ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ.