ಅಪಹರಣದ ಸಂಚು, ಕೊಲೆಯ ಶಿಕ್ಷೆ: ಲಿಂಕನ್ ಹತ್ಯೆಯ ಹಿಂದಿದ್ದವರು

1865ರ ಏಪ್ರಿಲ್ 17ರ ರಾತ್ರಿ. ವಾಷಿಂಗ್ಟನ್ನಿನ ಎಚ್ ಸ್ಟ್ರೀಟಿನಲ್ಲಿ ಮೇರಿ ಸರಾಟ್ ಎಂಬ ವಿಧವೆ ನಡೆಸುತ್ತಿದ್ದ ವಸತಿಮನೆಗೆ ಸೇನೆಯವರು ಬಂದಿದ್ದರು. ಅಧ್ಯಕ್ಷ ಅಬ್ರಹಾಂ ಲಿಂಕನ್ ತೀರಿಕೊಂಡು ಎರಡು ದಿನವಾಗಿತ್ತು. ಮನೆಯವರನ್ನೆಲ್ಲ ವಿಚಾರಣೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ, ಎತ್ತರದ ಆಳು, ಹೆಗಲ ಮೇಲೊಂದು ಪಿಕಾಸಿ, ತಲೆಗೆ ಟೋಪಿಯ ಬದಲು ಅಂಗಿಯ ತೋಳು. ‘ಮೋರಿ ತೋಡೋಕೆ ಈ ಅಮ್ಮ ಹೇಳಿದ್ರು, ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ಬೇಕು ಅಂತ ಕೇಳೋಕೆ ಬಂದೆ’ ಎಂಬರ್ಥದ ಮಾತಾಡಿದ. ಕೇಳಿದ್ದು ರಾತ್ರಿ ಹನ್ನೊಂದರ ಸುಮಾರಿಗೆ! ಮೇರಿಯನ್ನು ಕರೆದು ತೋರಿಸಿದರು. ದೇವರಾಣೆಗೂ ಇವನನ್ನು ನೋಡಿಲ್ಲ, ಕೆಲಸಕ್ಕೂ ಕರೆದಿಲ್ಲ ಎಂದಳು ಆಕೆ.

ಅವನ ಹೆಸರು ಲೂಯಿಸ್ ಪೊವೆಲ್. ಮೂರು ರಾತ್ರಿಗಳ ಹಿಂದೆ ವಿದೇಶಾಂಗ ಮಂತ್ರಿ ವಿಲಿಯಂ ಸೀವರ್ಡ್ ಅವರ ಮಲಗುವ ಕೋಣೆಗೆ ನುಗ್ಗಿ ಚೂರಿಯಿಂದ ಇರಿದವನು ಅವನೇ. ಅದಕ್ಕೂ ಮೊದಲು ಬೇರೆ ಹೆಸರು ಹೇಳಿಕೊಂಡು ಮೇರಿಯ ಇದೇ ಮನೆಯಲ್ಲಿ ಉಂಡು ಮಲಗಿದ್ದ. ದೀಪದ ಮಂದ ಬೆಳಕಿನಲ್ಲಿ, ಆ ವೇಷದಲ್ಲಿ ಗುರುತು ಸಿಗಲಿಲ್ಲ ಎಂದು ಆಕೆಯ ವಕೀಲರು ವಾದಿಸಿದರು. ಆಕೆಯ ಕಣ್ಣೂ ಮಂದವಾಗಿತ್ತಂತೆ. ನ್ಯಾಯಾಧೀಶರು ಒಪ್ಪಲಿಲ್ಲ. ಹನ್ನೆರಡು ವಾರ ಕಳೆಯುವುದರೊಳಗೆ ಇಬ್ಬರೂ ಒಂದೇ ಗಲ್ಲುಗಂಬದ ಕೆಳಗೆ ನಿಂತಿದ್ದರು.

ಲಿಂಕನ್ನರನ್ನು ಕೊಂದವನು ಯಾರು ಎಂಬುದರ ಬಗ್ಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ನಟ ಜಾನ್ ವಿಲ್ಕ್ಸ್ ಬೂತ್ ತುಂಬಿದ ರಂಗಮಂದಿರದಲ್ಲಿ ಗುಂಡು ಹಾರಿಸಿ ವೇದಿಕೆಗೆ ಜಿಗಿದಿದ್ದ. ನೂರಾರು ಜನರಿಗೆ ಅವನ ಮುಖ ಪರಿಚಿತ. ನೂರೈವತ್ತು ವರ್ಷಗಳಿಂದ ಬಗೆಹರಿಯದೆ ಉಳಿದಿರುವುದು ಅವನ ಜತೆಗಾರರ ಲೆಕ್ಕ. ಯಾರು ಎಷ್ಟು ಬಲ್ಲರು, ಯಾವಾಗ ತಿಳಿದರು, ಯಾವುದಕ್ಕೆ ಒಪ್ಪಿದ್ದರು? ಈ ಗೋಜಲಿಗೆ ಮೂಲ ಒಂದೇ: ಸಂಚು ಒಂದಲ್ಲ, ಎರಡು. ಮೊದಲನೆಯದಕ್ಕೆ ಅರ್ಧ ವರ್ಷದ ಆಯುಸ್ಸು. ಎರಡನೆಯದಕ್ಕೆ, ನನಗೆ ಕಾಣುವ ಮಟ್ಟಿಗೆ, ಅರ್ಧ ದಿನದ್ದು.

ಮೊದಲ ಸಂಚು ಕೊಲೆಯದಲ್ಲ, ಅಪಹರಣದ್ದು. 1864ರ ಹೊತ್ತಿಗೆ ಅಮೆರಿಕದ ಅಂತರ್ಯುದ್ಧದಲ್ಲಿ, ದೇಶದಿಂದ ಬೇರೆಯಾಗಿ ನಿಂತಿದ್ದ ದಕ್ಷಿಣದ ರಾಜ್ಯಗಳ ಒಕ್ಕೂಟ ಸೋಲುತ್ತ ಬಂದಿತ್ತು, ಅದರ ಪಡೆಯಲ್ಲಿ ಆಳುಗಳಿಗೇ ಬರ. ಮೊದಲೆಲ್ಲ ಎರಡೂ ಕಡೆಯವರು ಯುದ್ಧಕೈದಿಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದರು. ಸೆರೆಸಿಕ್ಕ ಕಪ್ಪು ಸೈನಿಕರನ್ನು ಬಿಳಿಯರ ಸಮಕ್ಕೆ ಎಣಿಸಿ ವಿನಿಮಯ ಮಾಡಲು ದಕ್ಷಿಣದವರು ಒಪ್ಪದಿದ್ದದ್ದರಿಂದ ಅದು ನಿಂತುಹೋಯಿತು. ಬಿಡುಗಡೆಯಾದ ಕೈದಿಗಳು ಮತ್ತೆ ಬಂದೂಕು ಹಿಡಿಯುತ್ತಾರೆ ಎಂಬ ಲೆಕ್ಕವೂ ಉತ್ತರದ ಸೇನಾಪತಿ ಗ್ರಾಂಟ್ ಅವರಿಗಿತ್ತು. ಬೂತ್‌ನ ಯೋಚನೆ ಇಲ್ಲಿಂದ ಹುಟ್ಟಿದ್ದು. ಲಿಂಕನ್ನರನ್ನು ಹಿಡಿದು, ಪೊಟೋಮ್ಯಾಕ್ ನದಿ ದಾಟಿಸಿ, ದಕ್ಷಿಣದ ರಾಜಧಾನಿ ರಿಚ್ಮಂಡಿಗೆ ಒಯ್ದು, ಅವರನ್ನು ಅಡವಿಟ್ಟು ಸಾವಿರಾರು ಕೈದಿಗಳನ್ನು ಬಿಡಿಸಿಕೊಳ್ಳುವುದು.

ಕೇಳಲು ಹುಚ್ಚಾಟದಂತಿದ್ದರೂ ಅವನು ಜನರನ್ನು ಆರಿಸಿದ್ದು ಅಳೆದು ಸುರಿದೇ. ಬಾಲ್ಟಿಮೋರಿನ ಬಾಲ್ಯದ ಗೆಳೆಯರಾದ ಸ್ಯಾಮ್ಯುಯೆಲ್ ಆರ್ನಲ್ಡ್ ಮತ್ತು ಮೈಕೆಲ್ ಓಲಾಕ್ಲೆನ್ ಮೊದಲು ಸೇರಿದರು. ಔಷಧಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಡೇವಿಡ್ ಹೆರಾಲ್ಡ್‌ಗೆ ದಕ್ಷಿಣ ಮೇರಿಲ್ಯಾಂಡಿನ ಕಾಡುದಾರಿಗಳು ಬಾಯಿಪಾಠ. ಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದ, ಜರ್ಮನಿಯಲ್ಲಿ ಹುಟ್ಟಿದ ಜಾರ್ಜ್ ಆಟ್ಸೆರೊಟ್ ಕತ್ತಲಲ್ಲಿ ದೋಣಿಯಲ್ಲಿ ಜನರನ್ನು ನದಿ ದಾಟಿಸುವುದರಲ್ಲಿ ಪಳಗಿದವನು. ಪೊವೆಲ್ ಗೆಟ್ಟಿಸ್‌ಬರ್ಗಿನಲ್ಲಿ ಗಾಯಗೊಂಡ ಸೈನಿಕ. ಅವನಿಗಿನ್ನೂ 21 ತುಂಬಿರಲಿಲ್ಲ. ದಕ್ಷಿಣದ ಗುಪ್ತ ಕಾಗದಪತ್ರ ಸಾಗಿಸುತ್ತಿದ್ದ ಜಾನ್ ಸರಾಟ್ ಎಲ್ಲರಿಗಿಂತ ಮುಖ್ಯ. ಮೇರಿ ಸರಾಟ್‌ಳ ಮಗ ಅವನು. ಹೀಗೆ ಆಕೆಯ ಮನೆ ಇವರೆಲ್ಲ ಬಂದುಹೋಗುವ ತಾಣವಾಯಿತು. ಸಂಚಿನ ಮೊಟ್ಟೆಯನ್ನು ಬೆಚ್ಚಗಿಟ್ಟ ಗೂಡು ಆ ಮನೆ ಎಂಬರ್ಥದ ಮಾತನ್ನು ಲಿಂಕನ್ನರ ನಂತರ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ನರ ಬಾಯಿಗೆ ಆಮೇಲೆ ಹಚ್ಚಿದರು.

1865ರ ಮಾರ್ಚ್ 17ರಂದು ಅವಕಾಶ ಬಂತೆಂದುಕೊಂಡರು. ಊರಾಚೆಯ ಸೇನಾ ಆಸ್ಪತ್ರೆಯೊಂದರಲ್ಲಿ ನಾಟಕ ನೋಡಲು ಲಿಂಕನ್ ಬರುತ್ತಾರೆಂದು ದಾರಿ ಕಾದರು. ಲಿಂಕನ್ ಬರಲಿಲ್ಲ. ಅವರು ಆ ಹೊತ್ತಿಗೆ ನ್ಯಾಷನಲ್ ಹೋಟೆಲಿನ ಸಮಾರಂಭವೊಂದರಲ್ಲಿದ್ದರು. ಬೂತ್ ಬಾಡಿಗೆಗೆ ಇದ್ದದ್ದೂ ಅದೇ ಹೋಟೆಲಿನಲ್ಲಿ! ಅಲ್ಲಿಗೆ ಗುಂಪು ಚದುರಿತು. ಆರ್ನಲ್ಡ್ ದೂರದ ಕೋಟೆಯೊಂದರ ಬಳಿಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಹೋಗುವ ಮುಂಚೆ ಬೂತ್‌ಗೆ ಪತ್ರ ಬರೆದು, ದುಡುಕಬೇಡ, ಮೊದಲು ರಿಚ್ಮಂಡಿನವರು ಏನೆನ್ನುತ್ತಾರೋ ಕೇಳು ಎಂದು ಬುದ್ಧಿ ಹೇಳಿದ. ಆ ಪತ್ರ ಬೂತ್‌ನ ಪೆಟ್ಟಿಗೆಯಲ್ಲಿ ಪೊಲೀಸರಿಗೆ ಸಿಕ್ಕಿ, ಅದನ್ನು ಬರೆದವನ ಕೊರಳಿಗೇ ಸುತ್ತಿಕೊಂಡಿತು.

ಏಪ್ರಿಲ್ 3ರಂದು ರಿಚ್ಮಂಡ್ ಬಿತ್ತು. 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದರು. ಒತ್ತೆಯಿಟ್ಟು ಬಿಡಿಸಿಕೊಳ್ಳಲು ಸೇನೆಯೇ ಉಳಿಯದ ಮೇಲೆ ಅಪಹರಣಕ್ಕೆ ಅರ್ಥವೂ ಉಳಿಯಲಿಲ್ಲ. 11ರ ಸಂಜೆ ಶ್ವೇತಭವನದ ಕಿಟಕಿಯಿಂದ ಲಿಂಕನ್ ಭಾಷಣ ಮಾಡಿದರು. ತೀರ ಬುದ್ಧಿವಂತರಾದ ಕಪ್ಪುಜನರಿಗೂ ಸೈನಿಕರಾಗಿ ದುಡಿದವರಿಗೂ ಮತದಾನದ ಹಕ್ಕು ಸಿಕ್ಕರೆ ಒಳಿತು ಎಂಬ ಮಾತು ಅದರಲ್ಲಿತ್ತು. ಗುಂಪಿನಲ್ಲಿ ನಿಂತು ಕೇಳುತ್ತಿದ್ದ ಬೂತ್, ಇದು ಈತನ ಕೊನೆಯ ಭಾಷಣ ಎಂದು ಪಕ್ಕದಲ್ಲಿದ್ದವನ ಬಳಿ ಹಲ್ಲು ಕಡಿದನಂತೆ.

14ರ ಮಧ್ಯಾಹ್ನ ತನ್ನ ಟಪಾಲು ತರಲು ಫೋರ್ಡ್ಸ್ ರಂಗಮಂದಿರಕ್ಕೆ ಹೋದಾಗ, ರಾತ್ರಿಯ ಪ್ರದರ್ಶನಕ್ಕೆ ಅಧ್ಯಕ್ಷರು ಬರುತ್ತಾರೆಂಬ ಸುದ್ದಿ ಅವನ ಕಿವಿಗೆ ಬಿತ್ತು. ರಾತ್ರಿ ಎಂಟರ ಸುಮಾರಿಗೆ ಉಳಿದವರನ್ನು ಕೂಡಿಸಿ ಕೆಲಸ ಹಂಚಿದ. ತಾನು ಲಿಂಕನ್ನರನ್ನು, ಪೊವೆಲ್ ಸೀವರ್ಡ್‌ರನ್ನು, ಆಟ್ಸೆರೊಟ್ ಉಪಾಧ್ಯಕ್ಷ ಜಾನ್ಸನ್ನರನ್ನು ಕೊಲ್ಲುವುದು. ಮೂರೂ ಹತ್ತು ಗಂಟೆ ದಾಟಿದೊಡನೆ, ಏಕಕಾಲಕ್ಕೆ. ಕೊಲೆಯ ಮಾತು ತನ್ನ ಕಿವಿಗೆ ಬಿದ್ದದ್ದೇ ಆ ರಾತ್ರಿ ಎಂದು ಆಟ್ಸೆರೊಟ್ ಕೊನೆಯವರೆಗೂ ಹೇಳಿದ. ಅವನನ್ನು ನಂಬಬೇಕೇ? ಅವನ ನಡವಳಿಕೆಯೇ ಅರ್ಧ ಸಾಕ್ಷಿ. ಜಾನ್ಸನ್ ತಂಗಿದ್ದ ಹೋಟೆಲಿನಲ್ಲೇ ಕೋಣೆ ಹಿಡಿದಿದ್ದವನು, ಹೊತ್ತು ಬಂದಾಗ ಕುಡಿದು, ಊರೆಲ್ಲ ಸುತ್ತಿ, ಚೂರಿಯನ್ನು ಬೀದಿಯಲ್ಲೆಸೆದು ಹೊರಟುಹೋದ.

ಮುಂದಿನ ಹನ್ನೆರಡು ದಿನಗಳ ಬೆನ್ನಟ್ಟುವಿಕೆಯನ್ನು ಬಹಳ ಜನ ಬಹಳ ಸಲ ಬರೆದಿದ್ದಾರೆ. ಲಿಂಕನ್ 15ರ ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ತೀರಿಕೊಂಡರು. ಕಾಲು ಮುರಿದುಕೊಂಡ ಬೂತ್, ಹೆರಾಲ್ಡ್ ಜತೆಗೆ ಕಾಡು, ನದಿ ದಾಟಿ ವರ್ಜೀನಿಯಾ ಸೇರಿ, 26ರ ನಸುಕಿನಲ್ಲಿ ಹೊಗೆಸೊಪ್ಪಿನ ಕೊಟ್ಟಿಗೆಯೊಂದರಲ್ಲಿ ಗುಂಡೇಟು ತಿಂದು ಸತ್ತ. ಅವನ ಜೇಬಿನಲ್ಲೊಂದು ಸಣ್ಣ ದಿನಚರಿ ಪುಸ್ತಕವಿತ್ತು. ಈ ಕಥೆಯಲ್ಲಿ ಬಂದೂಕಿಗಿಂತ ಅದಕ್ಕೇ ಹೆಚ್ಚು ತೂಕ.

ಓಡಿಹೋಗುತ್ತಿದ್ದಾಗ ಬೂತ್ ಅದರಲ್ಲಿ ಬರೆದುಕೊಂಡಿದ್ದ: ಆರು ತಿಂಗಳು ಸೆರೆಹಿಡಿಯಲು ಹೆಣಗಿದೆವು, ಎಲ್ಲ ಕೈಮೀರುತ್ತಿದೆ ಎಂದಾಗ ನಿರ್ಣಾಯಕವಾದದ್ದೇನಾದರೂ ಮಾಡಲೇಬೇಕಾಯಿತು. ಅಂದರೆ ಎರಡು ಸಂಚುಗಳ ನಡುವಿನ ಗೆರೆಯನ್ನು ಕೊಲೆಗಾರ ತನ್ನ ಕೈಯಾರೆ ಎಳೆದಿದ್ದ. ಪುಸ್ತಕ ಯುದ್ಧಮಂತ್ರಿ ಎಡ್ವಿನ್ ಸ್ಟಾಂಟನ್ ಅವರ ಇಲಾಖೆಗೆ ತಲುಪಿತು. ವಿಚಾರಣೆಯಲ್ಲಿ ಬೂತ್‌ನ ಜೇಬಿನ ದಿಕ್ಸೂಚಿಯನ್ನೂ ಹಾಜರುಪಡಿಸಿದರು, ಈ ಪುಸ್ತಕವನ್ನು ಮಾತ್ರ ತೋರಿಸಲಿಲ್ಲ. 1867ರಲ್ಲಿ ಅದು ಬೆಳಕಿಗೆ ಬಂದಾಗ ಹಲವು ಹಾಳೆಗಳು ಇರಲಿಲ್ಲ. ಬೂತ್ ತಾನೇ ಹಾಳೆ ಕಿತ್ತು ಚೀಟಿ ಬರೆಯುತ್ತಿದ್ದ ಎಂಬುದೂ ನಿಜವೇ. ಆದರೂ ಸ್ಟಾಂಟನ್ ಅವರೇ ಕೊಲೆಯ ಹಿಂದಿದ್ದರು ಎಂಬ ಕಥೆಗೆ 1930ರ ದಶಕದಲ್ಲಿ ಮೇವು ಒದಗಿಸಿದ ಸಂಗತಿಗಳಲ್ಲಿ ಈ ಕಾಣೆಯಾದ ಹಾಳೆಗಳೂ ಸೇರಿದವು. ಆ ಕಥೆಗೆ ಬುಡವಿಲ್ಲ. ದಿನಚರಿಯನ್ನು ಬಚ್ಚಿಟ್ಟದ್ದಕ್ಕೆ ಸಮರ್ಥನೆಯೂ ಇಲ್ಲ.

ವಿಚಾರಣೆ ನಡೆದದ್ದು ಸಾಮಾನ್ಯ ನ್ಯಾಯಾಲಯದಲ್ಲಲ್ಲ, ಒಂಬತ್ತು ಸೇನಾಧಿಕಾರಿಗಳ ಮಂಡಳಿಯ ಮುಂದೆ. ಅಧ್ಯಕ್ಷರು ಸೇನೆಗಳ ಮಹಾದಂಡನಾಯಕರೂ ಹೌದು, ಆದ್ದರಿಂದ ಇದು ಯುದ್ಧಾಪರಾಧ ಎಂಬುದು ಸರ್ಕಾರದ ವಾದ. ಎಂಟು ಆರೋಪಿಗಳು. ಸೆರೆಯಲ್ಲಿ ಮೇರಿಯೊಬ್ಬಳನ್ನು ಬಿಟ್ಟು ಉಳಿದ ಗಂಡಸರಲ್ಲಿ ಬಹುತೇಕರ ತಲೆಗೆ ಉಸಿರಾಡಲಷ್ಟೇ ತೂತಿದ್ದ ಬಟ್ಟೆಯ ಮುಸುಕು. ಆರೋಪಿಗಳು ತಮ್ಮ ಪರವಾಗಿ ತಾವೇ ಸಾಕ್ಷಿ ನುಡಿಯುವಂತಿರಲಿಲ್ಲ. ಅಂದಿನ ಕಾನೂನೇ ಹಾಗಿತ್ತು. ತಪ್ಪಿತಸ್ಥರೆನ್ನಲು ಬರಿಯ ಬಹುಮತ ಸಾಕು, ಗಲ್ಲಿಗೆ ಮೂರನೇ ಎರಡರಷ್ಟು ಮತ. ಮೇಲ್ಮನವಿಗೆ ನ್ಯಾಯಾಲಯವೇ ಇಲ್ಲ, ಅಧ್ಯಕ್ಷರೊಬ್ಬರೇ ದಿಕ್ಕು. ಆ ಅಧ್ಯಕ್ಷರು ಜಾನ್ಸನ್, ಅಂದರೆ ಇದೇ ಸಂಚಿನಲ್ಲಿ ಸಾಯಬೇಕಾಗಿದ್ದವರು.

ಮೇರಿಯ ಮೇಲಿನ ಆರೋಪ ಇಬ್ಬರ ಮಾತಿನ ಮೇಲೆ ನಿಂತಿತ್ತು. ಒಬ್ಬ ಆಕೆಯ ಮನೆಯಲ್ಲೇ ಬಾಡಿಗೆಗಿದ್ದ ಲೂಯಿಸ್ ವೈಕ್‌ಮನ್. ಇನ್ನೊಬ್ಬ, ಸರಾಟ್ಸ್‌ವಿಲ್ ಹಳ್ಳಿಯಲ್ಲಿದ್ದ ಆಕೆಯ ಹೆಂಡದಂಗಡಿಯನ್ನು ಗುತ್ತಿಗೆ ಹಿಡಿದಿದ್ದ ಜಾನ್ ಲಾಯ್ಡ್. ಕೊಲೆಯ ದಿನ ಮಧ್ಯಾಹ್ನ ಆಕೆ ಅಲ್ಲಿಗೆ ಹೋಗಿ ಬೂತ್ ಕೊಟ್ಟ ದುರ್ಬೀನಿನ ಪೊಟ್ಟಣವನ್ನು ತಲುಪಿಸಿ, ರಾತ್ರಿ ಬರುವವರಿಗೆ ಬಂದೂಕು ತೆಗೆದಿಡು ಎಂದಳೆಂದು ಲಾಯ್ಡ್ ಹೇಳಿದ. ಬಂದೂಕುಗಳು ವಾರಗಳ ಹಿಂದೆ, ಅಪಹರಣದ ಕಾಲದಲ್ಲಿ, ಅಲ್ಲಿ ಅಡಗಿಸಿಟ್ಟವು. ಅಂದು ತಾನು ಚೆನ್ನಾಗಿ ಕುಡಿದಿದ್ದೆ ಎಂದು ಲಾಯ್ಡ್‌ನೇ ಒಪ್ಪಿಕೊಂಡ. ಇಬ್ಬರ ಕೊರಳೂ ಕುಣಿಕೆಯ ಹತ್ತಿರವೇ ಇತ್ತು. ಮಾಫಿ ಸಾಕ್ಷಿ ಎಂದು ಯಾರೂ ಕರೆಯಲಿಲ್ಲವಷ್ಟೇ, ಸ್ಥಿತಿ ಅದೇ.

ಆಕೆಗೆ ಏನೂ ತಿಳಿದಿರಲಿಲ್ಲ ಎಂಬುದನ್ನು ನಾನು ಒಪ್ಪಲಾರೆ. ಮಗ, ಮಗನ ಸ್ನೇಹಿತರು, ಬಂದೂಕು, ಪೊಟ್ಟಣ: ಇಷ್ಟೆಲ್ಲ ನಡುಮನೆಯಲ್ಲೇ ನಡೆದಿರುವಾಗ ಮನೆಯೊಡತಿಗೆ ಅಪಹರಣದ ಸುಳಿವು ಹತ್ತಿರಲೇಬೇಕು. ಆದರೆ ಆ ರಾತ್ರಿಯ ಕೊಲೆ ಆಕೆಗೆ ಗೊತ್ತಿತ್ತೆಂದು ಆ ವಿಚಾರಣೆಯಲ್ಲಿ ಸಾಬೀತಾಗಲಿಲ್ಲ. ಒಂಬತ್ತು ಅಧಿಕಾರಿಗಳಲ್ಲಿ ಐವರಿಗೂ ಮನಸ್ಸು ಅಳುಕಿತ್ತು. ವಯಸ್ಸನ್ನೂ ಹೆಣ್ಣೆಂಬುದನ್ನೂ ನೋಡಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿ ಎಂದು ಅವರು ಸಹಿ ಹಾಕಿ ಕೊಟ್ಟರು. ಆ ಕಾಗದ ತನಗೆ ತೋರಿಸಲೇ ಇಲ್ಲ ಎಂದು ಜಾನ್ಸನ್, ತೋರಿಸಿದ್ದೆ ಎಂದು ಸೇನೆಯ ಮುಖ್ಯ ವಕೀಲ ಜೋಸೆಫ್ ಹೋಲ್ಟ್. ಇಬ್ಬರೂ ಈ ಜಗಳವನ್ನು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಆಡಿದರು.

ಜುಲೈ 7ರ ಮಧ್ಯಾಹ್ನ, ಸುಡುಬಿಸಿಲು. ಮಗಳು ಆನಾ ಶ್ವೇತಭವನದ ಬಾಗಿಲಲ್ಲಿ ಅತ್ತು ಬೇಡಿದರೂ ಒಳಗೆ ಬಿಡಲಿಲ್ಲ. ಮೇರಿ, ಪೊವೆಲ್, ಹೆರಾಲ್ಡ್, ಆಟ್ಸೆರೊಟ್ ನಾಲ್ವರನ್ನೂ ಒಟ್ಟಿಗೆ ನೇಣಿಗೇರಿಸಿದರು. ಅಲೆಕ್ಸಾಂಡರ್ ಗಾರ್ಡ್‌ನರ್ ತೆಗೆದ ಛಾಯಾಚಿತ್ರಗಳಲ್ಲಿ ಗಲ್ಲುಕಟ್ಟೆಯ ಮೇಲೆ ಬಿಸಿಲಿಗೆ ಬಿಚ್ಚಿ ಹಿಡಿದ ಕೊಡೆ ಕಾಣುತ್ತದೆ. ಇನ್ನು ಕೆಲವು ನಿಮಿಷದಲ್ಲಿ ಸಾಯುವವಳಿಗೆ ನೆರಳು! ಅಮೆರಿಕದ ಕೇಂದ್ರ ಸರ್ಕಾರ ಗಲ್ಲಿಗೇರಿಸಿದ ಮೊದಲ ಹೆಂಗಸು ಆಕೆ.

ಬದುಕಿ ಉಳಿದ ನಾಲ್ವರಲ್ಲಿ ಆರ್ನಲ್ಡ್, ಓಲಾಕ್ಲೆನ್ ಮತ್ತು ಬೂತ್‌ನ ಕಾಲಿಗೆ ಪಟ್ಟಿ ಕಟ್ಟಿದ ಡಾ. ಸ್ಯಾಮ್ಯುಯೆಲ್ ಮಡ್‌ಗೆ ಜೀವಾವಧಿ. ರಂಗಮಂದಿರದ ಕೆಲಸಗಾರ ಎಡ್ಮನ್ ಸ್ಪ್ಯಾಂಗ್ಲರ್ ಮಾಡಿದ ಮಹಾಪರಾಧವೆಂದರೆ ಬೂತ್‌ನ ಕುದುರೆ ಹಿಡಿಯಲು ಒಪ್ಪಿಕೊಂಡು, ಆ ಕೆಲಸವನ್ನು ಒಬ್ಬ ಹುಡುಗನಿಗೆ ದಾಟಿಸಿದ್ದು. ಅವನಿಗೆ ಆರು ವರ್ಷ. ನಾಲ್ವರನ್ನೂ ಫ್ಲಾರಿಡಾದಾಚೆಯ ಕಡಲ ನಡುವಿನ ಫೋರ್ಟ್ ಜೆಫರ್ಸನ್ ಕೋಟೆಗೆ ಸಾಗಿಸಿದರು. 1867ರಲ್ಲಿ ಅಲ್ಲಿ ಹಳದಿ ಜ್ವರ ಹಬ್ಬಿ ಓಲಾಕ್ಲೆನ್ ಸತ್ತ, ಕೋಟೆಯ ವೈದ್ಯರೂ ಸತ್ತರು. ಮಡ್ ರೋಗಿಗಳ ಆರೈಕೆಗೆ ನಿಂತ. 1869ರಲ್ಲಿ ಜಾನ್ಸನ್ ಉಳಿದ ಮೂವರಿಗೂ ಕ್ಷಮಾದಾನ ನೀಡಿದರು.

ಮಡ್‌ನ ಮೊಮ್ಮಗ ತಾತನ ಹೆಸರಿಗೆ ಅಂಟಿದ ಮಸಿ ತೊಳೆಯಲು ಆಯುಷ್ಯವನ್ನೇ ಸವೆಸಿದ. ಅಧ್ಯಕ್ಷರಾದ ಕಾರ್ಟರ್, ರೇಗನ್ ಇಬ್ಬರೂ ಸಹಾನುಭೂತಿಯ ಪತ್ರ ಬರೆದರು. ಆದರೆ ಬಂದವನು ಯಾರೆಂದು ಗುರುತಾಗಲಿಲ್ಲ ಎಂಬ ಡಾಕ್ಟರರ ಮಾತು ನಂಬುವುದು ಕಷ್ಟ. ಬೂತ್‌ನನ್ನು ಆತ ಮೊದಲೇ ಬಲ್ಲ. 1864ರ ಡಿಸೆಂಬರಿನಲ್ಲಿ ಬೂತ್‌ಗೆ ಜಾನ್ ಸರಾಟ್‌ನ ಪರಿಚಯ ಮಾಡಿಸಿದ್ದೇ ಆತ. 1977ರಲ್ಲಿ ಸಿಕ್ಕ ಆಟ್ಸೆರೊಟ್‌ನ ಹೇಳಿಕೆಯೊಂದರಲ್ಲಿ, ಅಪಹರಣದ ದಾರಿಗೆಂದು ಬೂತ್ ಮಡ್ ಮನೆಗೆ ಸಾಮಾನು ಕಳಿಸಿದ್ದ ಎಂದಿದೆ. ಇಲ್ಲೂ ಮತ್ತದೇ ಗೆರೆ. ಮೊದಲ ಸಂಚಿಗೆ ಕೈಜೋಡಿಸಿದವನನ್ನು ಎರಡನೆಯದಕ್ಕೆ ಹೊಣೆ ಮಾಡಬಹುದೇ?

ಸರ್ಕಾರಕ್ಕೆ ಆ ಗೆರೆ ಬೇಕಿರಲಿಲ್ಲ. ಅದರ ಕಣ್ಣು ಮೇಲಿನವರ ಮೇಲಿತ್ತು. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಈ ಸಂಚಿನ ಸೂತ್ರಧಾರ ಎಂದು ಸಾಧಿಸಲು ಸಾಕ್ಷಿಗಳನ್ನು ತಂದು ನಿಲ್ಲಿಸಿದರು. ಅವರಲ್ಲಿ ಪ್ರಮುಖನಾದ ಸ್ಯಾನ್‌ಫರ್ಡ್ ಕೊನೋವರ್ ಹೆಸರೂ ಸುಳ್ಳು, ಸಾಕ್ಷಿಯೂ ಸುಳ್ಳು. ಸುಳ್ಳುಸಾಕ್ಷಿಗಾಗಿ ಮುಂದೆ ಅವನೇ ಜೈಲು ಸೇರಿದ. ಅಲ್ಲಿಂದ ಒಂದು ಶತಮಾನ ಇತಿಹಾಸಕಾರರು ರಿಚ್ಮಂಡಿನ ಕೈವಾಡದ ಮಾತೇ ಎತ್ತಲಿಲ್ಲ. 1980ರ ದಶಕದಲ್ಲಿ ಕೆಲವರು ಮತ್ತೆ ಕೆದಕಿದರು. ಬೂತ್ 1864ರ ಅಕ್ಟೋಬರಿನಲ್ಲಿ ಮಾಂಟ್ರಿಯಲ್‌ಗೆ, ಅಂದರೆ ದಕ್ಷಿಣದ ಗೂಢಚಾರರ ನೆಲೆಗೆ ಹೋಗಿದ್ದೂ, ಅಲ್ಲಿನ ಬ್ಯಾಂಕಿನ ಹಣ ಪಾವತಿಯ ಹುಂಡಿಪತ್ರ ಅವನ ಹೆಣದ ಮೇಲೆ ಸಿಕ್ಕಿದ್ದೂ ಸುಳ್ಳಲ್ಲ. ಅಪಹರಣಕ್ಕೆ ಬೆಂಬಲವಿದ್ದಿರಬಹುದು. ಕೊಲೆಗೆ ಆದೇಶ ಬಂದಿತ್ತೆನ್ನಲು ಒಂದು ಕಾಗದದ ಚೂರೂ ಸಿಕ್ಕಿಲ್ಲ.

ಇದನ್ನೆಲ್ಲ ಖಚಿತವಾಗಿ ಹೇಳಬಲ್ಲವನಾಗಿದ್ದ ಜಾನ್ ಸರಾಟ್ ಕೊಲೆಯ ದಿನ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಿನಲ್ಲಿದ್ದ. ತಾಯಿಯ ವಿಚಾರಣೆ, ಸಾವು ಎರಡೂ ನಡೆದಾಗ ಕೆನಡಾದಲ್ಲಿ ಪಾದ್ರಿಗಳ ಆಸರೆಯಲ್ಲಿ ಅಡಗಿದ್ದ. ಅಲ್ಲಿಂದ ಲಿವರ್‌ಪೂಲ್, ಅಲ್ಲಿಂದ ರೋಮ್. ಹೆಸರು ಬದಲಿಸಿ ಪೋಪರ ಕಾವಲುಪಡೆಗೆ ಸೇರಿದ. ಹಳೆಯ ಪರಿಚಯದವನೊಬ್ಬ ಗುರುತು ಹಿಡಿದು ದೂರಿತ್ತ. ಅಲ್ಲಿಂದಲೂ ತಪ್ಪಿಸಿಕೊಂಡು ಕೊನೆಗೆ 1866ರ ನವೆಂಬರಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಸಿಕ್ಕಿಬಿದ್ದ.

ಅಷ್ಟರಲ್ಲಿ ಕಾನೂನಿನ ಗಾಳಿ ಬದಲಾಗಿತ್ತು. ನಾಗರಿಕ ನ್ಯಾಯಾಲಯಗಳು ತೆರೆದಿರುವ ಕಡೆ ನಾಗರಿಕರನ್ನು ಸೇನಾ ಮಂಡಳಿ ವಿಚಾರಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1866ರಲ್ಲಿ ಮಿಲಿಗನ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಹಾಗಾಗಿ 1867ರಲ್ಲಿ ಜಾನ್ ಸರಾಟ್ ನಿಂತದ್ದು ಹನ್ನೆರಡು ಜ್ಯೂರಿಗಳ ಮುಂದೆ. ಅವರಲ್ಲಿ ಒಮ್ಮತ ಮೂಡಲಿಲ್ಲ. ಮರುವರ್ಷ ಅವನು ಮನೆಗೆ ನಡೆದ. ತಾಯಿಗೆ ಗಲ್ಲು ವಿಧಿಸಿದ ಊರಿನಲ್ಲೇ, ಮೂರು ವರ್ಷಗಳ ಅಂತರದಲ್ಲಿ.

1870ರ ಡಿಸೆಂಬರಿನಲ್ಲಿ ಮೇರಿಲ್ಯಾಂಡಿನ ರಾಕ್‌ವಿಲ್ ಊರಿನಲ್ಲಿ ಅವನೊಂದು ಭಾಷಣ ಮಾಡಿದ. ಅಪಹರಣದ ಸಂಚಿನಲ್ಲಿ ನಾನಿದ್ದೆ, ಅದರ ಬಗ್ಗೆ ನಾಚಿಕೆಯಿಲ್ಲ, ಕೊಲೆಯ ಸುದ್ದಿ ಮಾತ್ರ ಎಳ್ಳಷ್ಟೂ ತಿಳಿದಿರಲಿಲ್ಲ ಎಂಬುದು ಅದರ ತಿರುಳು. ಸಭಿಕರು ಚಪ್ಪಾಳೆ ತಟ್ಟಿದರು. ಅದೇ ಭಾಷಣವನ್ನು ವಾಷಿಂಗ್ಟನ್ನಿನಲ್ಲಿ ಮಾಡಲು ಹೊರಟಾಗ ಜನ ಸಿಡಿದೆದ್ದು ಅದು ರದ್ದಾಯಿತು. ಆಮೇಲೆ ಬಾಲ್ಟಿಮೋರಿನ ಹಡಗು ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು, ಸಂಸಾರ ಮಾಡಿಕೊಂಡು, 1916ರವರೆಗೆ ಬದುಕಿದ. ಅವನ ತಾಯಿಯ ವಸತಿಮನೆ ಎಚ್ ಸ್ಟ್ರೀಟಿನಲ್ಲಿ ಈಗಲೂ ನಿಂತಿದೆ. ಸುತ್ತ ಚೈನಾಟೌನ್ ಬೆಳೆದಿದೆ. ಪಿಕಾಸಿ ಹೊತ್ತು ಪೊವೆಲ್ ಬಂದ ಆ ಮನೆಯ ಕೆಳಭಾಗದಲ್ಲಿ ಎಷ್ಟೋ ವರ್ಷ ಚೀನೀ ಹೋಟೆಲೊಂದು ನಡೆಯಿತು.