ಜೇಬಿನ ಟಾರ್ಚ್‌ಗೆ ಯಾವ ಸೆಲ್?

ಮೊದಲು ಒಂದು ಮಾತಿನ ಗೊಂದಲ. ಕಲಬುರಗಿ ಕಡೆ ಹಳ್ಳಿಗಳಲ್ಲಿ ಬ್ಯಾಟರಿ ಅಂದರೆ ಟಾರ್ಚ್. ಅದರೊಳಗೆ ಹಾಕುವುದು ಸೆಲ್. ನಮ್ಮ ಕಾಕಾ ಬಾಯಲ್ಲಿ ಅದು 'ಶೆಲ್'. ಆನ್‌ಲೈನ್‌ನಲ್ಲಿ ಬ್ಯಾಟರಿ ಅಂತ ಹುಡುಕಿದರೆ ಸೆಲ್ ಬರುತ್ತದೆ, ಇಲ್ಲವೇ ಇನ್ವರ್ಟರ್ ಬ್ಯಾಟರಿ ಬರುತ್ತದೆ. ಹಾಗಾಗಿ ಇಲ್ಲಿ ಬೆಳಕು ಕೊಡುವುದಕ್ಕೆ ಟಾರ್ಚ್, ಒಳಗಿನದಕ್ಕೆ ಸೆಲ್ ಅಂತಲೇ ಬರೆಯುತ್ತೇನೆ. ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ನನ್ನ ಜೊತೆ ಓದುವವರು ಕೇಳಿದ್ದಕ್ಕೆ ಬರೆದ ಟಿಪ್ಪಣಿ ಇದು.

ನಾನು ಕಲಿತದ್ದು ಮೋಸ ಹೋಗಿ. ಮಾರ್ಕೆಟ್‌ನಲ್ಲಿ 18650 ಅನ್ನುವ ಒಂದು ಲಿಥಿಯಂ ಸೆಲ್ ತಗೊಂಡೆ. ಮೇಲೆ '9900 ಎಂಎಎಚ್' ಅಂತ ದೊಡ್ಡದಾಗಿ ಬರೆದಿತ್ತು. ಎಂಎಎಚ್ (mAh) ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಒಂದು ತಾಸು ಉರಿಯಲಿಲ್ಲ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟರೆ 28 ಗ್ರಾಂ! ಅಸಲಿ 18650 ಸಾಮಾನ್ಯವಾಗಿ 45ರಿಂದ 50 ಗ್ರಾಂ ತೂಗುತ್ತದೆ. ಇಂಥ ನಕಲಿಗಳಲ್ಲಿ ಕೆಲವೊಮ್ಮೆ ಒಳಗೆ ಸಣ್ಣ ಸೆಲ್ ಇಟ್ಟು ಸುತ್ತ ಪುಡಿ ತುಂಬಿರುತ್ತಾರೆ.

18650 ಅನ್ನುವುದು ಕಂಪನಿ ಹೆಸರಲ್ಲ, ಅಳತೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಕೊನೆಯ ಸೊನ್ನೆ ಅಂದರೆ ಕೊಳವೆ ಆಕಾರ. ಅದೇ ಲೆಕ್ಕದಲ್ಲಿ 21700 ಅಂದರೆ 21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ. ಇಂದು ಸಿಗುವ ಒಳ್ಳೆಯ 18650 ಸುಮಾರು 3500 ಎಂಎಎಚ್‌ಗೆ ಸಾಮಾನ್ಯವಾಗಿ ಬಂದು ನಿಲ್ಲುತ್ತದೆ. 21700 ಆದರೆ 5000ದ ಆಸುಪಾಸು. ಅದಕ್ಕಿಂತ ಎಷ್ಟೋ ಜಾಸ್ತಿ ಬರೆದಿದ್ದರೆ ಮುಟ್ಟಬೇಡಿ, ವಾಪಸ್ ಇಡಿ.

ಈಗ ಲೆಕ್ಕ. ನಮ್ಮ ಕ್ಲಾಸಿನಲ್ಲಿ ಎಲ್ಲರೂ ಎಡವುವುದು ಇಲ್ಲೇ. ಎಂಎಎಚ್ ಒಂದನ್ನೇ ಹಿಡಿದು ಎರಡು ಬೇರೆ ಜಾತಿಯ ಸೆಲ್ ಹೋಲಿಸಬಾರದು, ವೋಲ್ಟ್‌ನಿಂದ ಗುಣಿಸಬೇಕು. ಡಬಲ್ ಎ (AA) ಸೈಜಿನ, ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 2000 ಎಂಎಎಚ್, 1.2 ವೋಲ್ಟ್. ಅಂದರೆ 2 ಆಂಪಿಯರ್ ಅವರ್ × 1.2 ವೋಲ್ಟ್ = 2.4 ವ್ಯಾಟ್ ಅವರ್, ಇದೇ ಒಳಗಿನ ಒಟ್ಟು ಶಕ್ತಿ. ಲಿಥಿಯಂ ಅಯಾನ್ 18650 ಒಂದು 3000 ಎಂಎಎಚ್, 3.6 ವೋಲ್ಟ್ ಇದ್ದರೆ 3 × 3.6 = 10.8 ವ್ಯಾಟ್ ಅವರ್. ನೋಡಿ, ಎಂಎಎಚ್ ಒಂದೂವರೆ ಪಟ್ಟು ಅಷ್ಟೇ, ಒಳಗಿನ ಸರಕು ನಾಲ್ಕೂವರೆ ಪಟ್ಟು. ಟಾರ್ಚ್ 1 ವ್ಯಾಟ್ ಎಳೆದರೆ ಸುಮಾರು 100 ಲೂಮೆನ್ (ಬೆಳಕಿನ ಅಳತೆ) ಬೆಳಕು ಬರುತ್ತದೆ ಅಂದುಕೊಳ್ಳಿ. ಓಣಿಯಲ್ಲಿ ನಡೆಯಲು, ಮೀಟರ್ ಬೋರ್ಡ್ ನೋಡಲು ಅಷ್ಟು ಧಾರಾಳ. ಸರ್ಕ್ಯೂಟ್‌ನಲ್ಲಿ ಒಂದಿಷ್ಟು ಹಾಳಾದರೂ 18650ಯಲ್ಲಿ ಒಂಬತ್ತು ತಾಸಾದರೂ ಬಂತು. ಬಾಕ್ಸ್ ಮೇಲೆ 1000 ಲೂಮೆನ್ ಅಂತ ಇರುತ್ತದಲ್ಲ, ಸಣ್ಣ ಟಾರ್ಚ್‌ನಲ್ಲಿ ಅದು ಕೆಲವೇ ನಿಮಿಷದ ಆಟ. ಮೈ ಬಿಸಿಯಾದ ಕೂಡಲೇ ಟಾರ್ಚ್ ತಾನೇ ಬೆಳಕು ಇಳಿಸಿಕೊಳ್ಳುತ್ತದೆ.

ಹಾಗಾದರೆ ಎಲ್ಲರಿಗೂ 18650 ಸಾಕಲ್ವಾ? ನನಗೆ ಹಾಗನ್ನಿಸುವುದಿಲ್ಲ. ಟಾರ್ಚ್ ಯಾರ ಕೈಯಲ್ಲಿ ಇರುತ್ತದೆ ಅನ್ನುವುದರ ಮೇಲೆ ಸೆಲ್ ಆರಿಸಿ, ಆಮೇಲೆ ಆ ಸೆಲ್ ಹಿಡಿಯುವ ಟಾರ್ಚ್ ಕೊಳ್ಳಿ. ಊರಲ್ಲಿರುವ ಅವ್ವನ ಟಾರ್ಚ್‌ಗೆ ನಾನು ಡಬಲ್ ಎ ನಿಕಲ್ ಸೆಲ್ಲನ್ನೇ ಹಾಕಿದ್ದೇನೆ. ಚಾರ್ಜ್ ಮುಗಿದರೆ ಪಕ್ಕದ ಅಂಗಡಿಯ ಮಾಮೂಲಿ ಸೆಲ್ ಹಾಕಿಕೊಂಡು ರಾತ್ರಿ ಕಳೆಯಬಹುದು. ಆದರೆ ಆ ಸೆಲ್ ಒಳಗೇ ಬಿಟ್ಟು ಮರೆತರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ, ನೆನಪಿರಲಿ. ನಿಕಲ್ ಸೆಲ್ ಕೊಳ್ಳುವಾಗ ಚಾರ್ಜ್ ತಾನಾಗಿ ಬೇಗ ಇಳಿಯದ ಬಗೆಯನ್ನೇ ಕೇಳಿ. ಎನೆಲೂಪ್ ಅನ್ನುವ ಬ್ರ್ಯಾಂಡ್ 2005ರಲ್ಲಿ ತಂದದ್ದು ಇದನ್ನೇ. ಹಳೆಯ ಬಗೆಯವು ಡ್ರಾಯರ್‌ನಲ್ಲಿ ಕೂತಲ್ಲೇ ಕೆಲವು ತಿಂಗಳಲ್ಲಿ ಸೊರಗುತ್ತಿದ್ದವು. ವಿರಳವಾಗಿ ಬಳಸುವ ಟಾರ್ಚ್‌ಗೆ 2700 ಎಂದು ಬರೆದದ್ದಕ್ಕಿಂತ ಈ 2000ದ್ದೇ ಮೇಲು.

ಒಂದು ಜಾಗದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. 14500 ಅನ್ನುವ ಲಿಥಿಯಂ ಸೆಲ್ ನೋಡಲು ಥೇಟ್ ಡಬಲ್ ಎ. ಆದರೆ ತುಂಬಿದಾಗ 4.2 ವೋಲ್ಟ್. 1.5 ವೋಲ್ಟ್‌ಗೆ ಮಾಡಿದ ಟಾರ್ಚ್‌ಗೆ ಇದನ್ನು ಹಾಕಿದರೆ ಎಲ್‌ಇಡಿ ಒಂದು ಕ್ಷಣ ಭಾರಿ ಹೊಳೆದು ಸುಟ್ಟುಹೋಗಬಹುದು. ಟಾರ್ಚ್ ಮೇಲೆ 14500 ನಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ ಹಾಕಿ. ಮನೆಯಲ್ಲಿ ಟಿವಿ ರಿಮೋಟ್ ಪಕ್ಕ ಅಂತೂ ಇಡಲೇಬೇಡಿ.

ಲಿಥಿಯಂ ಸೆಲ್‌ನ ಮೈ ಬಗ್ಗೆ ಗೊತ್ತಿರಬೇಕಾದ ಸಂಗತಿ ಇನ್ನೊಂದಿದೆ. ಹೊರಗಿನ ಡಬ್ಬಿ ಪೂರ್ತಿ ನೆಗೆಟಿವ್. ಪಾಸಿಟಿವ್ ಅಂದರೆ ತುದಿಯ ಆ ಸಣ್ಣ ಬಿಲ್ಲೆ ಮಾತ್ರ. ಎರಡರ ನಡುವೆ ಇರುವುದು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ, ಒಂದು ಉಂಗುರ. ಪಾಸಿಟಿವ್ ತುದಿಯ ಅಂಚಿನ ಹತ್ತಿರ ಹೊದಿಕೆ ಹರಿದರೆ, ಇಲ್ಲವೇ ಬಿಡಿ ಸೆಲ್ಲನ್ನು ಕೀಲಿ, ಚಿಲ್ಲರೆ ಜೊತೆ ಜೇಬಿಗೆ ಹಾಕಿದರೆ, ಶಾರ್ಟ್ ಆಗಿ ಕಾದು ಬೆಂಕಿ ಹತ್ತಬಹುದು. ಎಕ್ಸ್‌ಟ್ರಾ ಸೆಲ್ಲಿಗೆ ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ ಸಾಕು, ಅದರಲ್ಲಿ ಜಿಪುಣತನ ಬೇಡ. 'ಪ್ರೊಟೆಕ್ಟೆಡ್' ಸೆಲ್ ಅಂದರೆ ಬುಡದಲ್ಲಿ ಪುಟ್ಟ ಸರ್ಕ್ಯೂಟ್ ಇರುವುದು. ಜಾಸ್ತಿ ಚಾರ್ಜ್ ಆದರೆ, ತೀರಾ ಖಾಲಿಯಾದರೆ, ಶಾರ್ಟ್ ಆದರೆ ಅದು ಕಡಿದು ಹಾಕುತ್ತದೆ. ಹೊಸಬರು ಇದನ್ನೇ ತಗೊಳ್ಳಿ. ಆದರೆ ಉದ್ದ 68–70 ಮಿ.ಮೀ. ಆಗುತ್ತದೆ, ಕೆಲವು ಟಾರ್ಚ್‌ನಲ್ಲಿ ಮುಚ್ಚಳ ಕೂರುವುದಿಲ್ಲ. ಅಳೆದೇ ಕೊಳ್ಳಿ.

ಎರಡು ಸೆಲ್ ಸಾಲಾಗಿ ಹಾಕುವ ಟಾರ್ಚ್ ಇದ್ದರೆ ಒಟ್ಟಿಗೆ ಕೊಂಡ ಜೋಡಿಯನ್ನೇ ಹಾಕಿ. ಹಳತು ಹೊಸತು ಬೆರೆಸಿದರೆ ಮೊದಲು ಖಾಲಿಯಾದ ಸೆಲ್‌ನಲ್ಲೂ ಇನ್ನೊಂದು ಕರೆಂಟ್ ಹರಿಸುತ್ತಲೇ ಹೋಗಿ ಅದರ ಪ್ಲಸ್-ಮೈನಸ್ ಉಲ್ಟಾ ಮಾಡಬಹುದು. ನಾನು ಮಾರ್ಕರ್‌ನಿಂದ ಎರಡರ ಮೇಲೂ ಕೊಂಡ ತಿಂಗಳು ಬರೆದಿಡುತ್ತೇನೆ.

ಚಾರ್ಜಿಂಗ್ ಮಾತಿಗೆ ಬಂದರೆ ನಮ್ಮ ಊರಿನ ಬಿಸಿಲನ್ನು ಬಿಟ್ಟು ಮಾತಾಡುವ ಹಾಗಿಲ್ಲ. ಲಿಥಿಯಂ ಸೆಲ್‌ಗಳ ಡೇಟಾಶೀಟ್‌ನಲ್ಲಿ ಚಾರ್ಜ್ ಮಾಡುವ ಉಷ್ಣತೆ ಸಾಮಾನ್ಯವಾಗಿ 0ರಿಂದ 45 ಡಿಗ್ರಿ ಅಂತ ಇರುತ್ತದೆ. ಇಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ 42, 43 ಮುಟ್ಟುತ್ತದೆ. ತಗಡಿನ ಶೆಡ್ ಒಳಗೆ, ನಿಲ್ಲಿಸಿದ ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಇನ್ನೂ ಜಾಸ್ತಿ. ಸೆಲ್ ಚಾರ್ಜ್ ಆಗುವಾಗ ತಾನೂ ಬಿಸಿಯಾಗುತ್ತದೆ. ಅದಕ್ಕೆ ಬೇಸಿಗೆಯಲ್ಲಿ ನಸುಕಿನಲ್ಲೇ ಚಾರ್ಜ್ ಮಾಡಿ. ಹಾಸಿಗೆ ಮೇಲೆ ಇಡಬೇಡಿ, ಬರಿ ನೆಲದ ಮೇಲೆ ಇಡಿ. ಶಹಾಬಾದ್ ಕಲ್ಲಿನ ನೆಲ ಇದ್ದರಂತೂ ತಂಪೂ ಆಯಿತು, ನೆಲಕ್ಕೆ ಬೆಂಕಿ ಹತ್ತುವ ಭಯವೂ ಇಲ್ಲ. ತಿಂಗಳುಗಟ್ಟಲೆ ಬಳಸದೆ ಇಡುವುದಿದ್ದರೆ ಅರ್ಧ ಚಾರ್ಜ್‌ನಲ್ಲಿ ಇಡಿ. ತುಂಬಿದ ಸೆಲ್ ಬಿಸಿಯಲ್ಲಿ ಕೂತರೆ ಬೇಗ ಮುದಿಯಾಗುತ್ತದೆ.

ಯುಎಸ್‌ಬಿ-ಸಿ ತೂತು ಇರುವ ಟಾರ್ಚ್ ಕೆಲವು ಸಲ ಹೊಸ ಫೋನ್ ಚಾರ್ಜರ್‌ಗೆ ಚುಚ್ಚಿದರೆ ಸುಮ್ನೆ ಕೂತುಬಿಡುತ್ತದೆ. ಕೆಟ್ಟಿದೆ ಅಂತ ಎಸೆಯಬೇಡಿ. ಎರಡು ಬದಿಯೂ ಸಿ ಇರುವ ಕೇಬಲ್‌ನಲ್ಲಿ, ಟಾರ್ಚ್ ಕಡೆ 5.1 ಕಿಲೋಓಮ್‌ನ ರೆಸಿಸ್ಟರ್ ಕಂಡರೆ ಮಾತ್ರ ಚಾರ್ಜರ್ ಕರೆಂಟ್ ಬಿಡುತ್ತದೆ. ಟಾರ್ಚ್ ಮಾಡಿದವರು ಖರ್ಚು ಉಳಿಸಲು ಆ ರೆಸಿಸ್ಟರ್ ಹಾಕಿರುವುದಿಲ್ಲ, ಅಷ್ಟೇ. ಚಾರ್ಜರ್ ಕಡೆ ಹಳೆಯ ಅಗಲ ಪಿನ್ (ಯುಎಸ್‌ಬಿ-ಎ) ಇರುವ ಕೇಬಲ್ ಹಾಕಿ, ಚಾರ್ಜ್ ಆಗುತ್ತದೆ. ಇದು ಗೊತ್ತಾದ ದಿನ ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು.

ಜಾತ್ರೆಯಲ್ಲಿ ಸಿಗುವ ದೊಡ್ಡ ಚಾರ್ಜಿಂಗ್ ಟಾರ್ಚ್‌ಗಳಲ್ಲಿ ಬಹಳಷ್ಟು ಕಡೆ 4 ವೋಲ್ಟ್‌ನ ಲೆಡ್ ಆಸಿಡ್ ಇರುತ್ತದೆ. ಖಾಲಿ ಬಿಟ್ಟರೆ ಸತ್ತೇ ಹೋಗುತ್ತದೆ. ಜೇಬಿಗಂತೂ ಅಲ್ಲ.

ನನ್ನ ಜೇಬಿನಲ್ಲಿ ಈಗ ಇರುವುದು ಒಂದು ಪ್ರೊಟೆಕ್ಟೆಡ್ 18650 ಹಾಕಿದ ಟಾರ್ಚ್. ಸೆಲ್ 47 ಗ್ರಾಂ, ತೂಗಿಯೇ ತಂದದ್ದು. ರಾತ್ರಿ ಮೋಟರ್ ಚಾಲೂ ಮಾಡಲು ಹೊಲಕ್ಕೆ ಹೋಗುವಾಗ ಕಾಕಾ ಅದನ್ನೇ ಇಸಕೊಂಡು ಹೋಗುತ್ತಾರೆ. ಪ್ರತಿ ಸಲ ತಿರುಗಿಸಿ ನೋಡಿ ಅದೇ ಪ್ರಶ್ನೆ: "ಇದಕ್ಕ ಶೆಲ್ ಎಷ್ಟ್ ಹಾಕೀಯೋ?" ಒಂದೇ ಅಂದರೆ ನಂಬುವುದಿಲ್ಲ.