ಕುರ್ವೆಗೆ ಉಪ್ಪುನೀರು ನುಗ್ತಿದೆ, ಗೋಡೆ ಎತ್ತರ ಮಾಡಿದ್ರೆ ಸಾಕಾ?

ಪ್ರಶ್ನೆ: ನಮ್ದು ನದಿ ಸಮುದ್ರ ಸೇರೋ ಜಾಗದಲ್ಲಿರೋ ಸಣ್ಣ ಕುರ್ವೆ, ಅಂದ್ರೆ ಸುತ್ತ ನೀರಿರೋ ದ್ವೀಪ. ಮೊದ್ಲೆಲ್ಲಾ ಅಮಾಸೆ ಹುಣ್ಣಿಮೆಗೆ ಗದ್ದೆ ಅಂಚಿಗೆ ಬಂದು ಹೋಗ್ತಿದ್ದ ನೀರು ಈಗ ಅಂಗಳಕ್ಕೇ ಬರ್ತಿದೆ. ಸುತ್ತ ಗೋಡೆ ಎತ್ತರಿಸಿ ಕಟ್ಟಿಸಿದ್ರೆ ಮುಗೀತಲ್ವಾ?

ಮುಗಿಯಲ್ಲ ಮಾರಾಯ್ರೆ. ಕುಂದಾಪುರ ಮಂಗಳೂರು ಕಡೆಯ ಕುದ್ರು (ಅಲ್ಲಿ ಕುರ್ವೆಗೆ ಹಾಗಂತಾರೆ) ಜನಾನೂ ಇದನ್ನೇ ಕೇಳ್ತಾರೆ. 1901ರಿಂದ 2018ರ ಒಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಮೀ ಏರಿದೆ, ಅಂದ್ರೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ, ಏನ್ ಮಹಾ ಅನ್ಸತ್ತೆ, ಆದ್ರೆ ತೌಕ್ತೆ ಥರದ ಚಂಡಮಾರುತ (2021ರ ಮೇ, ನೆನಪಿರ್ಬೇಕಲ್ಲ) ಬಂದಾಗ ಅಲೆ ಎಲ್ಲಿ ತನಕ ನುಗ್ಗತ್ತೆ ಅನ್ನೋದಕ್ಕೆ ಆ ಗೇಣೂ ಲೆಕ್ಕಕ್ಕೆ ಬರತ್ತೆ. ಗೋಡೆ ಬೇಡ ಅಂತಲ್ಲ. ಆದ್ರೆ ಹೊರಗಿನ ನೀರು ತಡೆಯೋ ಗೋಡೆನೇ ಒಳಗೆ ಬಂದ ನೀರನ್ನ ಹೊರಗೆ ಹೋಗಕ್ಕೂ ಬಿಡಲ್ಲ. ನಮ್ಮ ದೇಶದ ಕಡೆಯ ಸುಂದರಬನದ ದ್ವೀಪಗಳಿಗೆ ಸುಮಾರು 3,500 ಕಿಮೀ ಕಟ್ಟೆ ಇದೆ, 2009ರಲ್ಲಿ ಐಲಾ ಚಂಡಮಾರುತ ಬಂದಾಗ ಎಷ್ಟೋ ಕಡೆ ಒಡೀತು, ಒಳಗೆ ಬಂದ ಉಪ್ಪುನೀರು ದಾರಿ ಕಾಣ್ದೆ ಅಲ್ಲೇ ನಿಂತು ಗದ್ದೆ ಕೆರೆ ಎಲ್ಲಾ ಕೆಡ್ತು, ಎಷ್ಟೋ ಊರಲ್ಲಿ ವರ್ಷಗಟ್ಲೆ ಭತ್ತ ಆಗ್ಲಿಲ್ಲ.

ನಮ್ಮಲ್ಲೇ ಇದಕ್ಕಿಂತ ಚೆನ್ನಾಗಿರೋ ಐಡಿಯಾ ಇದೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆ, ಅಂದ್ರೆ ಉಬ್ಬರದ ಉಪ್ಪುನೀರು ಬಂದುಹೋಗೋ ತಗ್ಗು ಗದ್ದೆ. ಅಲ್ಲಿ ಕಟ್ಟು ಇದೆ, ಕಟ್ಟಿಗೆ ಹಲಗೆ ಬಾಗಿಲೂ ಇದೆ. ಮಳೆಗಾಲದಲ್ಲಿ ಉಬ್ಬರದ ಹೊತ್ತಿಗೆ ಬಾಗಿಲು ಮುಚ್ಚೋದು, ಇಳಿತಕ್ಕೆ ತೆಗೆದು ಒಳಗಿನ ನೀರು ಬಿಡೋದು. ಮೊದಲ ಮಳೆಗೆ ಮಣ್ಣಿನ ಉಪ್ಪು ತೊಳೆದು ಹೋದ್ಮೇಲೆ ಮೊಳಕೆ ಬಂದ ಕಗ್ಗ ಭತ್ತ ಬಿತ್ತುತ್ತಾರೆ, ಕಗ್ಗ ಅಂದ್ರೆ ಗಟ್ಟಿ ಜೀವ, ಸ್ವಲ್ಪ ಉಪ್ಪು ತಾಗಿದ್ರೂ ಕೆಲವು ದಿನ ನೀರಲ್ಲಿ ಮುಳುಗಿದ್ರೂ ಸಾಯಲ್ಲ, ಗೊಬ್ಬರ ಕೇಳಲ್ಲ. ಕೊಯ್ಲಿಗೆ ತೆನೆ ಮಾತ್ರ ಕೊಯ್ದು ಉಳಿದ ಹುಲ್ಲು ಅಲ್ಲೇ ಬಿಟ್ಟು ಬಾಗಿಲು ತೆಗೆದ್ರೆ ಉಪ್ಪುನೀರಿನ ಜೊತೆ ಮೀನು ಸಿಗಡಿ ಒಳಗೆ ಬಂದು ಅದನ್ನೇ ತಿಂದು ಬೆಳೀತವೆ. ಇಳುವರಿ ಕಮ್ಮಿ, ಅದು ನಿಜ. ಅಲ್ಲಿನ ಮಾಣಿಕಟ್ಟಾ ಊರಲ್ಲಿ ಇವತ್ತಿಗೂ ಊರವ್ರೆಲ್ಲಾ ಸೇರಿ ಕಗ್ಗ ಬೆಳೀತಾರೆ.

ಕೆಟ್ಟಿದ್ದು ಎಲ್ಲಿ ಗೊತ್ತಾ, ಬಾಗಿಲು ಯಾರ ಕೈಗೆ ಹೋಯ್ತು ಅನ್ನೋದ್ರಲ್ಲಿ. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟು ಹಾಕಿಸ್ತು, ಒಳ್ಳೇದೇ, ಆಮೇಲೆ ಎಷ್ಟೋ ಗಜನಿ ಸಿಗಡಿ ಕೃಷಿಗೆ ಲೀಸಿಗೆ ಹೋಯ್ತು, ಸಿಗಡಿಯವ್ರಿಗೆ ಉಪ್ಪುನೀರು ಬೇಕು ಭತ್ತದವ್ರಿಗೆ ಬೇಡ, ಜಗಳ ಶುರು, ಕೊನೆಗೆ ಗದ್ದೆನೇ ಹಡ್ಲು, ಬೆಳೆ ಇಲ್ದೆ ಪಾಳು. ಅದಕ್ಕೇ ಹೇಳೋದು, ಗೋಡೆ ಎತ್ತರ ಎಷ್ಟು ಅಂತ ಕೇಳೋ ಮುಂಚೆ ಬಾಗಿಲು ಎಲ್ಲಿ, ಅರ್ಧರಾತ್ರಿ ಉಬ್ಬರಕ್ಕೆ ಎದ್ದು ಅದನ್ನ ಮುಚ್ಚೋರು ಯಾರು, ಅವ್ರಿಗೆ ವರ್ಷಕ್ಕೆ ಊರು ಏನು ಕೊಡತ್ತೆ, ಇದನ್ನ ಕೂತು ಮಾತಾಡ್ಕೊಳ್ಳಿ.

ಕಟ್ಟಿನ ಹೊರಗೆ ಕಾಂಡ್ಲ (ಉಪ್ಪುನೀರಲ್ಲೇ ಬೆಳೆಯೋ ಮ್ಯಾಂಗ್ರೋವ್ ಗಿಡ) ನೆಡಿ, ಇದ್ದಿದ್ದನ್ನ ಸೌದೆಗೆ ಅಂತ ಕಡೀಬೇಡಿ. ಬೇರು ಅಲೆಯ ಹೊಡೆತ ತಗ್ಗಿಸಿ ಮಣ್ಣು ಹಿಡಿಯತ್ತೆ. ಆದ್ರೆ ಬೆಳಚು (ತಿನ್ನೋ ಚಿಪ್ಪುಜೀವಿ) ಹೆಕ್ಕೋ ಮರಳು ದಿಬ್ಬದ ಮೇಲೆಲ್ಲಾ ನೆಟ್ಟು ಹೆಂಗಸರ ದುಡಿಮೆಗೆ ಕಲ್ಲು ಹಾಕ್ಬೇಡಿ.

ಊರೇ ಬಿಡ್ಬೇಕಾಗತ್ತಾ? ಕೆಲವ್ರಿಗೆ ಆಗಿದೆ. ಪನಾಮಾದ ಗಾರ್ಡಿ ಸುಗ್ದುಬ್ ದ್ವೀಪದ ಸುಮಾರು 300 ಕುಟುಂಬಕ್ಕೆ 2024ರ ಜೂನ್‌ನಲ್ಲಿ ದಡದ ಮೇಲೆ ಹೊಸ ಮನೆ ಕೊಟ್ರು, ಅದರ ಮಾತುಕತೆಗೇ ಹತ್ತು ವರ್ಷದ ಮೇಲೆ ಹಿಡೀತು.

ನಾಳೆಯಿಂದ್ಲೇ ಮಾಡೋ ಕೆಲಸ ಬೇರೆ ಇದೆ, ಬಾವಿ. ಕುರ್ವೆಯ ನೆಲದೊಳಗೆ ಸಿಹಿನೀರು ಹಗುರ ಅಂತ ಉಪ್ಪುನೀರಿನ ಮೇಲೆ ತೇಲ್ಕೊಂಡಿರತ್ತೆ. ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ ಒಂದಡಿ ಇಳಿದ್ರೆ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೆ ಬರ್ಬಹುದು. ಹಾಗಾಗಿ ಬೋರ್ ಕೊರೆಸೋದು ಬೇಡ, ಪಂಪು ಒಂದೇ ಸಮ ಓಡಿಸೋದು ಬೇಡ, ಸ್ವಲ್ಪ ಸ್ವಲ್ಪವೇ ಎತ್ತಿ, ಮಾಡಿನ ಮಳೆನೀರು ಪೈಪ್ ಹಾಕಿ ಟ್ಯಾಂಕಿಗೆ ಬಿಡಿ. ನಮ್ಮ ಅತ್ತೆ ಮನೇಲಿ ಪಂಪ್ ಹಾಕಿಸಿದ ಎರಡನೇ ವರ್ಷಕ್ಕೇ ಏಪ್ರಿಲ್‌ನಲ್ಲಿ ಚಾ ಉಪ್ಪಾಗ್ತಿತ್ತು, ಪಾತ್ರೆ ತೊಳೆದು ಕವುಚಿಟ್ರೆ ಬಿಳಿ ಕಲೆ. ಈಗ ಮತ್ತೆ ಹಗ್ಗ ಕೊಡಪಾನ, ದಿನಾ ಬೈತಾ ಸೇದ್ತಾರೆ, ಆದ್ರೆ ಚಾ ಮಾತ್ರ ಮೇ ಮೊದಲ ವಾರದ ತನಕ ಕುಡಿಯೋ ಹಾಗಿರತ್ತೆ.